‘ಬಿಲಿಯನ್’ ಅಂದರೆ ನೂರು ಕೋಟಿಯೋ, ಲಕ್ಷ ಕೋಟಿಯೋ? ಹಳೆಯ ಇಂಗ್ಲಿಷ್ ಎಣಿಕೆಯ ಪದಗಳ ಗೋಜಲು

ಓದುಗರ ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಸುಮಾರು ನೂರು ವರ್ಷ ಹಳೆಯ ಇಂಗ್ಲಿಷ್ ಬರಹಗಳನ್ನು ಆರಿಸಿ ಕನ್ನಡಕ್ಕೆ ತರುತ್ತಿದ್ದೇನೆ. ವಾಕ್ಯಗಳು ಕಷ್ಟವಾಗುತ್ತಿಲ್ಲ, ಲೆಕ್ಕ ಕಾಡುತ್ತಿದೆ. ಲಂಡನ್ನಿನಲ್ಲಿ ಅಚ್ಚಾದ ಖಗೋಳದ ಲೇಖನವೊಂದರಲ್ಲಿ ಬೆಳಕು ವರ್ಷಕ್ಕೆ ‘ಸುಮಾರು ಆರು ಬಿಲಿಯನ್ ಮೈಲಿ’ ಸಾಗುತ್ತದೆ ಎಂದಿದೆ. ನಾನು ‘ಆರು ನೂರು ಕೋಟಿ ಮೈಲಿ’ ಎಂದು ಬರೆದೆ. ಕರಡು ಓದಿದ ಗೆಳತಿ ತಪ್ಪು ಅಂದಳು. ಡಿಕ್ಷನರಿ ಮಾತ್ರ ನನ್ನ ಪರವಾಗಿದೆ. ಮೀನುಗಾರರ ಬಗೆಗಿನ ಬರಹದಲ್ಲಿ ‘ಲಾಂಗ್ ಹಂಡ್ರೆಡ್’, ‘ವಾರ್ಪ್’, ‘ಲಾಸ್ಟ್’ ಬರುತ್ತವೆ. ಒಂದು ಅಂಗಡಿಯ ಲೆಕ್ಕದಲ್ಲಿ ‘ಗ್ರೇಟ್ ಗ್ರೋಸ್’, ‘ಕ್ವಾಯರ್’ ಇವೆ. ಒಂದು ಭಾಷಣದಲ್ಲಿ ‘ತ್ರೀಸ್ಕೋರ್ ಅಂಡ್ ಟೆನ್’ ಇದೆ. ಲ್ಯಾಟಿನ್ ಮೂಲ ಕಲಿತರೆ ಇಂಥ ಪದಗಳೆಲ್ಲ ತಾವೇ ಬಿಡಿಸಿಕೊಳ್ಳುತ್ತವೆ ಎಂದು ಒಬ್ಬರು ಹೇಳಿದರು. ನಿಜವೇ? ಇವನ್ನು ಕನ್ನಡದಲ್ಲಿ ಹೇಗೆ ಇಡಲಿ?

ಉತ್ತರ: ಬಿಲಿಯನ್ ವಿಷಯ ಮೊದಲು ಮುಗಿಸೋಣ. ನಿಮ್ಮ ಗೆಳತಿ ಹೇಳಿದ್ದು ಸರಿ. ನಿಮ್ಮ ಡಿಕ್ಷನರಿಯೂ ಸರಿ. ಆದರೆ ಅದು ಇವತ್ತಿನ ಡಿಕ್ಷನರಿ, ನಿಮ್ಮ ಲೇಖನ ಅವತ್ತಿನದು. ಅಲ್ಲಿ ‘ಆರು ಲಕ್ಷ ಕೋಟಿ ಮೈಲಿ’ ಎಂದೇ ಇರಬೇಕು.

ನನ್ನ ಮಾತನ್ನು ನಂಬಬೇಕಾಗಿಲ್ಲ, ಲೆಕ್ಕ ಹಾಕಿ ನೋಡಿ. ಬೆಳಕು ಸೆಕೆಂಡಿಗೆ ಸುಮಾರು 1,86,000 ಮೈಲಿ ಹೋಗುತ್ತದೆ. ಆ ವೇಗದಲ್ಲಿ ಆರು ನೂರು ಕೋಟಿ ಮೈಲಿ ದಾಟಲು ಸುಮಾರು ಒಂಬತ್ತು ಗಂಟೆ ಸಾಕು. ಬೆಳಿಗ್ಗೆ ಹೊರಟ ಬೆಳಕು ಸಂಜೆಗೆ ತಲುಪಿಬಿಡುತ್ತದೆ. ಒಂದು ವರ್ಷದ ದಾರಿ ಸುಮಾರು 5.9 ಲಕ್ಷ ಕೋಟಿ ಮೈಲಿ. ನಿಮ್ಮ ಲೇಖಕ ‘ಸುಮಾರು ಆರು ಬಿಲಿಯನ್’ ಅಂದದ್ದು ಇದನ್ನೇ.

ಯಾಕೆ ಹೀಗೆ? ಈ ಪದ ಹುಟ್ಟಿದ ಬಗೆ ನೋಡಿದರೆ ಗೊತ್ತಾಗುತ್ತದೆ. ಮೊದಲು ಮಿಲಿಯನ್ ಬಂತು. ಇಟಲಿಯವರ ಮಾತಿನಲ್ಲಿ ‘ಮಿಲ್ಲೆ’ ಅಂದರೆ ಸಾವಿರ. ಅದರ ಬಾಲಕ್ಕೆ ‘ಓನೆ’ ಹಚ್ಚಿದರೆ ‘ದೊಡ್ಡದು’ ಎಂಬ ಅರ್ಥ. ಅಂದರೆ ಮಿಲಿಯನ್ ಎಂದರೆ ‘ದೊಡ್ಡ ಸಾವಿರ’. 1484ರಲ್ಲಿ ನಿಕೋಲಾ ಶ್ಯೂಕೆ ಎಂಬ ಫ್ರೆಂಚ್ ಗಣಿತಜ್ಞ ತನ್ನ ಹಸ್ತಪ್ರತಿಯಲ್ಲಿ ಇದನ್ನೇ ಏಣಿ ಮಾಡಿಕೊಂಡು ಮೇಲೆ ಹತ್ತಿದ. ಮಿಲಿಯನ್ನನ್ನು ಮಿಲಿಯನ್‌ನಿಂದ ಗುಣಿಸಿದರೆ ಬಿಲಿಯನ್. ಇನ್ನೊಮ್ಮೆ ಗುಣಿಸಿದರೆ ಟ್ರಿಲಿಯನ್. ‘ಬೈ’ ಅಂದರೆ ಎರಡು, ‘ಟ್ರೈ’ ಅಂದರೆ ಮೂರು. ಚೊಕ್ಕ ವ್ಯವಸ್ಥೆ. ಈ ಲೆಕ್ಕದಲ್ಲಿ ಬಿಲಿಯನ್ ಅಂದರೆ ಹತ್ತು ಲಕ್ಷದಷ್ಟು ಹತ್ತು ಲಕ್ಷ, ಅಂದರೆ ಲಕ್ಷ ಕೋಟಿ.

ಆಮೇಲೆ ಫ್ರಾನ್ಸಿನಲ್ಲೇ ಕೆಲವರು ಮೂರು ಮೂರು ಸೊನ್ನೆಗೊಂದು ಹೆಸರು ಇಡಲು ಶುರು ಮಾಡಿದರು. ಅವರ ಬಿಲಿಯನ್ ಸಾವಿರ ಮಿಲಿಯನ್‌ಗೆ ಇಳಿಯಿತು, ಅಂದರೆ ನೂರು ಕೋಟಿಗೆ. ಅಮೆರಿಕ ಇದನ್ನು ಹಿಡಿಯಿತು. ಇಂಗ್ಲೆಂಡ್ ಹಳೆಯದನ್ನೇ ಇಟ್ಟುಕೊಂಡಿತು. ತಮಾಷೆ ಅಂದರೆ ಫ್ರಾನ್ಸ್ 1961ರಲ್ಲಿ ಅಧಿಕೃತವಾಗಿ ಹಳೆಯ ದೊಡ್ಡ ಬಿಲಿಯನ್‌ಗೆ ವಾಪಸ್ ಹೋಯಿತು, ಬ್ರಿಟನ್ 1974ರಲ್ಲಿ ಅದನ್ನು ಬಿಟ್ಟುಕೊಟ್ಟಿತು. ಆ ವರ್ಷ ಪ್ರಧಾನಿ ಹೆರಾಲ್ಡ್ ವಿಲ್ಸನ್, ಇನ್ನು ಸರ್ಕಾರದ ಅಂಕಿ-ಅಂಶಗಳಲ್ಲಿ ಬಿಲಿಯನ್ ಅಂದರೆ ಸಾವಿರ ಮಿಲಿಯನ್ ಎಂದು ಪಾರ್ಲಿಮೆಂಟಿಗೆ ತಿಳಿಸಿದರು. ಫ್ರೆಂಚರು, ಜರ್ಮನ್ನರು ನೂರು ಕೋಟಿಗೆ ಇವತ್ತಿಗೂ ‘ಮಿಲಿಯಾರ್ಡ್’ ಎಂಬ ಬೇರೆ ಪದವನ್ನೇ ಬಳಸುತ್ತಾರೆ.

ಹಾಗಂತ ‘1974ಕ್ಕೆ ಮೊದಲು ಲಂಡನ್ನಿನಲ್ಲಿ ಅಚ್ಚಾದದ್ದೆಲ್ಲ ಲಕ್ಷ ಕೋಟಿ’ ಎಂದು ನಿಯಮ ಮಾಡಿಕೊಳ್ಳಬೇಡಿ. ಅಮೆರಿಕದ ಲೇಖಕರ ಪುಸ್ತಕಗಳೂ ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದವು. ಹಣಕಾಸು ಬರೆಯುತ್ತಿದ್ದ ಬ್ರಿಟಿಷರಲ್ಲಿ ಕೆಲವರು ಮೊದಲೇ ಅಮೆರಿಕದ ಲೆಕ್ಕಕ್ಕೆ ಜಾರಿದ್ದರು. ಎಚ್ಚರದ ಲೇಖಕರು ಬಿಲಿಯನ್ ಪದವನ್ನೇ ಮುಟ್ಟದೆ ‘ಥೌಸಂಡ್ ಮಿಲಿಯನ್’, ‘ಮಿಲಿಯನ್ ಮಿಲಿಯನ್’ ಎಂದು ಬಿಡಿಸಿ ಬರೆದರು. ಹಾಗಾಗಿ ಪ್ರತಿ ಬಾರಿಯೂ ಮೂರು ವಿಷಯ ನೋಡಬೇಕು: ಲೇಖಕ ಎಲ್ಲಿಯವನು, ಯಾವ ವರ್ಷ, ಮತ್ತು ಆ ಸಂಖ್ಯೆ ನಿಜಕ್ಕೆ ಹೊಂದುತ್ತದೆಯೇ. ಮೂರನೆಯದು ಉಳಿದೆರಡಕ್ಕಿಂತ ಗಟ್ಟಿ. ಅನುವಾದಗಳನ್ನು ತಿದ್ದುವ ನನ್ನ ಕೆಲಸದಲ್ಲಿ ನೋಡಿದ್ದೇನೆ, ಭಾಷೆ ಚೆನ್ನಾಗಿ ಬಲ್ಲವರೇ ಈ ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಪದ ಗೊತ್ತಿರುವುದರಿಂದ ಅನುಮಾನವೇ ಬರುವುದಿಲ್ಲ.

ಈಗ ಲ್ಯಾಟಿನ್ ಮೂಲದ ಮಾತು. ಅರ್ಧ ನಿಜ. ಮೂಲ ಗೊತ್ತಿದ್ದರೆ ಪದ ನೆನಪಿನಲ್ಲಿ ಉಳಿಯುತ್ತದೆ, ಓದಲು ಖುಷಿಯೂ ಹೌದು. ಆದರೆ ಮೂಲದೊಳಗಿನ ಸಂಖ್ಯೆಯೇ ಪದದ ಸಂಖ್ಯೆ ಎಂದುಕೊಂಡರೆ ಕೆಡುತ್ತದೆ. ನಿಮ್ಮ ಕ್ವಾಯರ್ ಪದವನ್ನೇ ನೋಡಿ. ಅದು ಲ್ಯಾಟಿನ್ನಿನ ‘ಕ್ವಾಟೆರ್ನಿ’ಯಿಂದ ಬಂದದ್ದು, ಅರ್ಥ ‘ನಾಲ್ಕು ನಾಲ್ಕು’. ನಾಲ್ಕು ಹಾಳೆಗಳನ್ನು ಒಟ್ಟಿಗೆ ಮಡಚಿದರೆ ಎಂಟು ಎಲೆಗಳ ಒಂದು ಕಟ್ಟು. ಕೈಬರಹದ ಪುಸ್ತಕ ಕಟ್ಟುವವರ ಲೆಕ್ಕ ಅದು. ಕಾಗದದ ವ್ಯಾಪಾರಿಗಳ ಕೈಗೆ ಬಂದಮೇಲೆ ಅದೇ ಪದ 24 ಹಾಳೆಗೆ ನಿಂತಿತು, ಈಚೆಗೆ 25ಕ್ಕೆ. ನಾಲ್ಕನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಪ್ಪತ್ತೈದನ್ನು ಹೇಳುವ ಪದ! ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ‘ಎರಡು ಕ್ವಾಯರ್ ರಿಜಿಸ್ಟರ್’ ಕೊಡಿ ಎಂದು ಕೇಳುವವರಿಗೆ ಇದು ಹೊಸ ಪದವೇನೂ ಅಲ್ಲ. ನಮ್ಮ ಹಳೆಯ ‘ದಸ್ತಾ’ ಕೂಡ 24 ಹಾಳೆಯದೇ.

ಇಪ್ಪತ್ತು ಕ್ವಾಯರ್ ಸೇರಿದರೆ ಒಂದು ರೀಮ್. ಇದು ಲ್ಯಾಟಿನ್ ಅಲ್ಲವೇ ಅಲ್ಲ. ಅರಬ್ಬಿಯ ‘ರಿಜ್ಮಾ’, ಅಂದರೆ ಕಟ್ಟು, ಸ್ಪೇನ್ ಮತ್ತು ಫ್ರಾನ್ಸ್ ದಾಟಿ ಇಂಗ್ಲಿಷಿಗೆ ಬಂತು. ಕಾಗದದ ಕಸುಬು ಯುರೋಪಿಗೆ ಅರಬರ ಮೂಲಕ ಹೋಯಿತಲ್ಲ, ಪದವೂ ಜೊತೆಗೇ ಹೋಯಿತು. ಕ್ವಾಯರಿಗೆ 24 ಹಾಳೆ ಇದ್ದಾಗ ರೀಮ್ ಅಂದರೆ 480. ಈಗ 500. ಅಚ್ಚುಕೂಟದವರು ಹಾಳಾಗುವ ಹಾಳೆಗಳನ್ನೂ ಸೇರಿಸಿ 516 ಹಾಳೆಯ ‘ಪ್ರಿಂಟರ್ಸ್ ರೀಮ್’ ಕೂಡ ಇಟ್ಟುಕೊಂಡಿದ್ದರು. ನಿಮ್ಮ ಅಂಗಡಿ ಲೆಕ್ಕ ನೂರು ವರ್ಷದ್ದಾದರೆ ಕ್ವಾಯರಿಗೆ 24 ಹಿಡಿಯಿರಿ. ಬೆಲೆ ಕೊಟ್ಟಿದ್ದರೆ ಭಾಗಿಸಿ ಖಚಿತ ಮಾಡಿಕೊಳ್ಳಿ.

ಹಂಡ್ರೆಡ್ ಇನ್ನೂ ಮೋಸದ ಪದ. ಅದು ನೂರಲ್ಲದೆ ಮತ್ತೇನು ಎಂದು ಅನ್ನಿಸುತ್ತದೆ ಅಲ್ವಾ? ಉತ್ತರ ಯುರೋಪಿನ ಹಳೆಯ ಎಣಿಕೆಯಲ್ಲಿ ಆ ಪದಕ್ಕೆ 120 ಎಂಬ ಅರ್ಥವೂ ಇತ್ತು. ಹತ್ತು ಡಜನ್, ಅಥವಾ ಆರು ಇಪ್ಪತ್ತು. ಹತ್ತು ಹತ್ತರ ನೂರು ಆಮೇಲೆ ಮೇಲುಗೈ ಪಡೆಯಿತು. ಹಳೆಯದು ಸಾಯಲಿಲ್ಲ, ‘ಲಾಂಗ್ ಹಂಡ್ರೆಡ್’ ಎಂಬ ಹೆಸರಿನಲ್ಲಿ ಮೊಳೆ, ಮೊಟ್ಟೆ, ಮೀನಿನ ವ್ಯಾಪಾರದಲ್ಲಿ ಉಳಿಯಿತು. ಜನ, ಹಣ, ಗುಂಡುಸೂಜಿ ಎಣಿಸುವಾಗ ಐದು ಇಪ್ಪತ್ತಕ್ಕೆ ನೂರು, ಮಿಕ್ಕಿದ್ದಕ್ಕೆಲ್ಲ ಆರು ಇಪ್ಪತ್ತಕ್ಕೆ ನೂರು ಎಂಬ ಗಾದೆಯೇ ಇಂಗ್ಲೆಂಡಿನಲ್ಲಿತ್ತು. ತೂಕದ ‘ಹಂಡ್ರೆಡ್‌ವೇಟ್’ ಕೂಡ ಬ್ರಿಟನ್ನಿನಲ್ಲಿ 112 ಪೌಂಡ್, ಅಮೆರಿಕದಲ್ಲಿ ಮಾತ್ರ 100.

ಮೀನಿನ ಲೆಕ್ಕ ನನಗೆ ಇವೆಲ್ಲಕ್ಕಿಂತ ಇಷ್ಟ, ಯಾಕೆಂದರೆ ಪದ ಹುಟ್ಟುವುದು ಕಣ್ಣಿಗೇ ಕಾಣುತ್ತದೆ. ‘ವಾರ್ಪ್’ ಪದದ ಹಿಂದೆ ಇರುವುದು ‘ಎಸೆ’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದ. ಕೈಗೆರಡರಂತೆ ಹೆರಿಂಗ್ ಮೀನು ಹಿಡಿದು ಒಮ್ಮೆಗೆ ಎಸೆದರೆ ನಾಲ್ಕು. ಆ ನಾಲ್ಕೇ ಒಂದು ವಾರ್ಪ್. ಇಂಗ್ಲೆಂಡಿನ ಪೂರ್ವ ಕರಾವಳಿಯ ಯಾರ್ಮತ್ ಬಂದರಿನಲ್ಲಿ 33 ವಾರ್ಪ್ ಸೇರಿದರೆ ಒಂದು ‘ನೂರು’. ಅಂದರೆ 132 ಮೀನು! 120 ಕೂಡ ಅಲ್ಲ. ಅಂಥ ಹತ್ತು ‘ನೂರು’ ಸೇರಿದರೆ ಒಂದು ‘ಸಾವಿರ’, ಅದು 1,320. ಹತ್ತು ‘ಸಾವಿರ’ ಸೇರಿದರೆ ಒಂದು ‘ಲಾಸ್ಟ್’, ಅದು 13,200. ಈ ಲಾಸ್ಟ್‌ಗೂ ‘ಕೊನೆಯ’ ಎಂಬ ಅರ್ಥದ ಲಾಸ್ಟ್‌ಗೂ ಸಂಬಂಧವಿಲ್ಲ. ಇದು ‘ಹೊರೆ’ ಎಂಬ ಅರ್ಥದ ಬೇರೆ ಹಳೆಯ ಪದ. ‘ದಿ ಲಾಸ್ಟ್ ಆಫ್ ಹೆರಿಂಗ್ಸ್’ ಎಂಬುದನ್ನು ‘ಹೆರಿಂಗ್‌ಗಳಲ್ಲಿ ಕೊನೆಯದು’ ಎಂದು ಅನುವಾದಿಸಿದರೆ ಹದಿಮೂರು ಸಾವಿರ ಮೀನು ಒಂದೇ ಮೀನಾಗಿಬಿಡುತ್ತದೆ.

ಸ್ಕೋರ್ ಪದದ ಹುಟ್ಟೂ ಕೈಕೆಲಸದ್ದೇ. ಹಳೆಯ ನಾರ್ಸ್ ಭಾಷೆಯ ‘ಸ್ಕೋರ್’ ಅಂದರೆ ಕೋಲಿನ ಮೇಲೆ ಕೊರೆದ ಗೀರು. ಇಪ್ಪತ್ತಕ್ಕೊಂದು ಗೀರು, ಹಾಗಾಗಿ ಆ ಗೀರಿಗೇ ಇಪ್ಪತ್ತು ಎಂಬ ಅರ್ಥ. ಆಟದ ಸ್ಕೋರ್ ಕೂಡ ಈ ಗೀರಿನಿಂದಲೇ ಬಂದದ್ದು. ಇಂಗ್ಲೆಂಡಿನ ಖಜಾನೆ ಇಂಥ ಗೀರಿನ ಕೋಲುಗಳಲ್ಲಿ ಶತಮಾನಗಟ್ಟಲೆ ಲೆಕ್ಕ ಇಟ್ಟಿತ್ತು. 1826ರಲ್ಲಿ ಆ ಪದ್ಧತಿ ನಿಂತಿತು. ಉಳಿದ ಕೋಲುಗಳನ್ನು 1834ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೆಳಗಿನ ಒಲೆಗಳಿಗೆ ತುಂಬಿದರು. ಬೆಂಕಿ ಹತ್ತಿಕೊಂಡು ಪಾರ್ಲಿಮೆಂಟ್ ಕಟ್ಟಡವೇ ಉರಿದುಹೋಯಿತು. ಲೆಕ್ಕಪತ್ರ ವಿಲೇವಾರಿ ಮಾಡುವ ಕಚೇರಿಗಳವರು ಇದನ್ನೊಮ್ಮೆ ಓದಬೇಕು.

‘ತ್ರೀಸ್ಕೋರ್ ಅಂಡ್ ಟೆನ್’ ಅಂದರೆ ಮೂರು ಇಪ್ಪತ್ತು ಮತ್ತು ಹತ್ತು, ಒಟ್ಟು ಎಪ್ಪತ್ತು. 1611ರ ಇಂಗ್ಲಿಷ್ ಬೈಬಲ್ಲಿನ 90ನೇ ಕೀರ್ತನೆಯಲ್ಲಿ ಮನುಷ್ಯನ ಆಯುಸ್ಸನ್ನು ಹೀಗೇ ಹೇಳಿದೆ. ಭಾಷಣಕಾರರು ಈ ಪದ ಎತ್ತುವುದು ಎಪ್ಪತ್ತು ಎಂದು ಹೇಳಲು ಮಾತ್ರವಲ್ಲ, ಆ ಗಂಭೀರ ದನಿ ಬೇಕು ಎಂದು. ಅಬ್ರಹಾಂ ಲಿಂಕನ್ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಎಂಬತ್ತೇಳು ವರ್ಷ ಎನ್ನಲು ‘ನಾಲ್ಕು ಸ್ಕೋರ್ ಮತ್ತು ಏಳು’ ಎಂದದ್ದೂ ಅದಕ್ಕೇ. 1863ರಲ್ಲಿ 87 ಕಳೆದರೆ 1776, ಅಮೆರಿಕ ಸ್ವಾತಂತ್ರ್ಯ ಸಾರಿದ ವರ್ಷ. ನಿಮ್ಮ ಭಾಷಣದಲ್ಲಿ ಬರೀ ‘70 ವರ್ಷ’ ಎಂದು ಅಂಕಿ ಹಾಕಿದರೆ ಲೆಕ್ಕ ಸರಿ, ದನಿ ಸತ್ತಿತು. ‘ಮೂರು ಸ್ಕೋರ್’ ಎಂದರೆ ಕನ್ನಡ ಓದುಗರಿಗೆ ಕ್ರಿಕೆಟ್ ನೆನಪಾಗುತ್ತದೆ. ‘ಮೂರಿಪ್ಪತ್ತರ ಮೇಲೆ ಹತ್ತು’ ಎಂದು ಬಿಡಿಸಿ ಹೇಳಬಹುದು. ಒಂದು ಕ್ಷಣ ಓದುಗರು ನಿಂತು ಲೆಕ್ಕ ಹಾಕುತ್ತಾರೆ. ಭಾಷಣದಲ್ಲಿ ಅದು ದೋಷವಲ್ಲ.

ಗ್ರೋಸ್ ಸುಲಭ. ಫ್ರೆಂಚರ ‘ಗ್ರೋಸ್ ದೂಜೇನ್’, ಅಂದರೆ ದೊಡ್ಡ ಡಜನ್. ಹನ್ನೆರಡು ಡಜನ್, 144. ಹನ್ನೆರಡು ಗ್ರೋಸ್‌ಗೆ ಗ್ರೇಟ್ ಗ್ರೋಸ್, 1,728. ದೊಡ್ಡ ಡಜನ್ನಿಗಿಂತ ದೊಡ್ಡದು. ಮಿಲಿಯನ್ ಮಾಡಿದ ಕೆಲಸವೇ ಇಲ್ಲೂ: ಚಿಕ್ಕ ಲೆಕ್ಕಕ್ಕೆ ‘ದೊಡ್ಡ’ ಸೇರಿಸಿ ಮುಂದಿನ ಲೆಕ್ಕ.

ಹದಿಮೂರರ ‘ಬೇಕರ್ಸ್ ಡಜನ್’ ಎಲ್ಲಾದರೂ ಎದುರಾದರೆ ಅದರ ಜೊತೆ ಒಂದು ಕತೆಯೂ ಬರುತ್ತದೆ. 13ನೇ ಶತಮಾನದ ಇಂಗ್ಲೆಂಡಿನಲ್ಲಿ ರೊಟ್ಟಿಯ ತೂಕ ಕಡಿಮೆಯಾದರೆ ಶಿಕ್ಷೆ ಇತ್ತು, ಹೆದರಿದ ಬೇಕರಿಯವರು ಒಂದು ರೊಟ್ಟಿ ಜಾಸ್ತಿ ಕೊಟ್ಟರು ಎಂದು. ಕಾನೂನು ಇದ್ದದ್ದು ನಿಜ. ಆದರೆ ಆ ಪದ ಬರಹದಲ್ಲಿ ಕಾಣಿಸಿಕೊಳ್ಳುವುದು ಕಾನೂನು ಬಂದು ಸುಮಾರು ಮುನ್ನೂರು ವರ್ಷದ ಮೇಲೆ. ಇನ್ನೊಂದು ವಿವರಣೆ ಹೆಚ್ಚು ವ್ಯಾಪಾರದ್ದು: ಬೀದಿ ಮಾರಾಟಗಾರರಿಗೆ ಹನ್ನೆರಡರ ಬೆಲೆಗೆ ಹದಿಮೂರು ಕೊಡುತ್ತಿದ್ದರು, ಹದಿಮೂರನೆಯದೇ ಅವರ ಲಾಭ. ನನಗೆ ಈ ಎರಡನೆಯದು ಹೆಚ್ಚು ನಂಬುವಂತೆ ಕಾಣುತ್ತದೆ. ಟಿಪ್ಪಣಿ ಬರೆಯುವುದಾದರೆ ಎರಡನ್ನೂ ಕೊಡಿ, ಹೆದರಿಕೆಯ ಕತೆಯೊಂದನ್ನೇ ಸತ್ಯ ಎಂದು ಬರೆಯಬೇಡಿ.

ಲ್ಯಾಟಿನ್ ನಿಜವಾಗಿ ಸಹಾಯ ಮಾಡುವ ಜಾಗವೂ ಇದೆ. 150ನೇ ವರ್ಷಕ್ಕೆ ‘ಸೆಸ್ಕ್ವಿಸೆಂಟೆನಿಯಲ್’ ಎನ್ನುತ್ತಾರೆ, ಹಳೆಯ ಭಾಷಣಗಳಲ್ಲಿ ಸಿಗುತ್ತದೆ. ‘ಸೆಮಿಸ್’ ಅಂದರೆ ಅರೆ, ‘ಕ್ವೆ’ ಅಂದರೆ ‘ಮತ್ತು’. ಎರಡೂ ಬೆಸೆದು ‘ಸೆಸ್ಕ್ವಿ’, ಅಂದರೆ ‘ಮತ್ತೆ ಅರ್ಧ’. ನಮ್ಮ ‘ಒಂದೂವರೆ’ಯ ಒಳಗೆ ಕೂತಿರುವ ‘ಊ’ ಮಾಡುವ ಕೆಲಸವನ್ನೇ ಅಲ್ಲಿ ‘ಕ್ವೆ’ ಮಾಡುತ್ತದೆ. ವ್ಯತ್ಯಾಸ ಇಷ್ಟೇ, ನಾವು ‘ಒಂದು’ ಎಂದು ಬಾಯಿಬಿಟ್ಟು ಹೇಳುತ್ತೇವೆ, ಅವರು ಅದನ್ನು ನುಂಗುತ್ತಾರೆ. ಇದಕ್ಕೆ ಕನ್ನಡದಲ್ಲಿ ‘ಶತಮಾನೋತ್ತರ ಸುವರ್ಣ ಮಹೋತ್ಸವ’ ಎಂಬ ರೂಢಿಯ ಪದ ಇದೆ, ಶಾಲೆ-ಕಾಲೇಜುಗಳ ಆಮಂತ್ರಣದಲ್ಲಿ ನೋಡಿರುತ್ತೀರಿ. ಸುಮ್ನೆ ಹೊಸದು ಕಟ್ಟಬೇಡಿ.

ಇನ್ನು ಕೆಲವು ಪದಗಳಿಗೆ ಮೂಲವೂ ಇಲ್ಲ, ಸಂಖ್ಯೆಯೂ ಇಲ್ಲ. ‘ಜಿಲಿಯನ್’, ‘ಗಜಿಲಿಯನ್’ ಇಂಥವು. ಇವು ಹುಟ್ಟಲು ದಾರಿ ಮಾಡಿದವನೂ ಒಂದರ್ಥದಲ್ಲಿ ನಮ್ಮ ಶ್ಯೂಕೆಯೇ. ‘ಮಿಲ್ಲೆ’ಯನ್ನು ಅಡ್ಡಕ್ಕೆ ಕತ್ತರಿಸಿ ‘ಮ’ ಕಿತ್ತು ‘ಬ’ ಇಟ್ಟ. ಆವರೆಗೆ ‘ಇಲಿಯನ್’ ಎಂಬುದು ಪ್ರತ್ಯಯವೇ ಆಗಿರಲಿಲ್ಲ, ಒಂದು ಪದದ ಮುರಿದ ತುಂಡು. ತುಂಡು ಒಮ್ಮೆ ಕೈಗೆ ಸಿಕ್ಕಮೇಲೆ ಯಾರು ಏನು ಬೇಕಾದರೂ ಅಂಟಿಸಬಹುದು. ‘ಅಂಪ್ಟೀನ್’ ಕೂಡ ಹೀಗೇ ಹುಟ್ಟಿತು. ಮೋರ್ಸ್ ಸಂಕೇತದ ಗೆರೆಗೆ ಸೈನಿಕರು ‘ಅಂಪ್ಟಿ’ ಎನ್ನುತ್ತಿದ್ದರು, ಅದಕ್ಕೆ ಥರ್ಟೀನ್, ಫೋರ್ಟೀನ್‌ನ ಬಾಲ ಕಟ್ಟಿದರು. ಇವಕ್ಕೆಲ್ಲ ‘ಲೆಕ್ಕವಿಲ್ಲದಷ್ಟು’, ‘ಎಷ್ಟೋ’ ಸಾಕು. ‘ಮಿರಿಯಡ್’ ವಿಷಯದಲ್ಲಿ ಮಾತ್ರ ಎಚ್ಚರ. ಇವತ್ತಿನ ಇಂಗ್ಲಿಷಿನಲ್ಲಿ ಅದಕ್ಕೆ ‘ಅಸಂಖ್ಯ’ ಎಂದೇ ಅರ್ಥ. ಗ್ರೀಕ್ ಇತಿಹಾಸದ ಬರಹದಲ್ಲಿ ‘ಮೂರು ಮಿರಿಯಡ್ ಸೈನಿಕರು’ ಎಂದಿದ್ದರೆ ಅದು ಖಚಿತವಾಗಿ 30,000. ಗ್ರೀಕರಿಗೆ ಅದು ಹತ್ತು ಸಾವಿರದ ಹೆಸರು.

ಕನ್ನಡದಲ್ಲಿ ಇಡುವ ಬಗೆಗೆ ಬರೋಣ. ಮೊದಲನೆಯ ದಾರಿ, ನೇರ ಅಂಕಿ. ಅಂಗಡಿ ಲೆಕ್ಕಕ್ಕೆ, ವಿಜ್ಞಾನದ ಬರಹಕ್ಕೆ ಇದೇ ಸರಿ. ಆದರೆ ನೀವು ಊಹಿಸಿದ ಅಂಕಿ ತಪ್ಪಾದರೆ ಓದುಗರಿಗೆ ಅದು ಗೊತ್ತಾಗುವ ದಾರಿಯೇ ಇರುವುದಿಲ್ಲ. ಮೂಲ ಪದ ಮಾಯವಾಗಿರುತ್ತದೆ.

ಎರಡನೆಯದು, ನಮ್ಮ ಅಳತೆಗೆ ತಿರುಗಿಸುವುದು. ಕೆಲವು ಕಡೆ ಅಚ್ಚುಕಟ್ಟಾಗಿ ಕೂರುತ್ತದೆ. ‘ಫ್ಯಾದಮ್’ ಪದಕ್ಕೆ ಮೂಲದಲ್ಲಿ ಚಾಚಿದ ಎರಡು ತೋಳು ಎಂದೇ ಅರ್ಥ. ನಮ್ಮ ‘ಮಾರು’ ಕೂಡ ಅದೇ. ಫ್ಯಾದಮ್ ಆರು ಅಡಿಗೆ ನಿಗದಿಯಾಗಿದೆ. ಮಾರು ಮಾತ್ರ ಹೂವು ಮಾರುವವರ ತೋಳಿನ ಉದ್ದ, ಕೆಲವೊಮ್ಮೆ ಮನಸ್ಸಿನ ಉದ್ದ. ಕತೆಯಲ್ಲಿ ‘ಹತ್ತು ಮಾರು ಆಳ’ ಎಂದರೆ ಚೆಂದ. ಹಡಗಿನ ನಕ್ಷೆಯ ಬಗ್ಗೆ ಬರೆಯುವಾಗ 60 ಅಡಿ ಎನ್ನಿ. ಧಾನ್ಯ ಅಳೆಯುವ ಬುಷೆಲ್‌ಗೆ ಕೊಳಗ ಎಂದು ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಕೊಳಗ ಊರಿಗೊಂದು ಅಳತೆ. ಓದುಗರು ತಮ್ಮೂರಿನ ಕೊಳಗವನ್ನೇ ಮನಸ್ಸಿಗೆ ತಂದುಕೊಳ್ಳುತ್ತಾರೆ. ‘ಫೋರ್ಟ್‌ನೈಟ್’ ಹದಿನಾಲ್ಕು ರಾತ್ರಿ. ನಾವು ಸಲೀಸಾಗಿ ‘ಹದಿನೈದು ದಿನ’ ಎನ್ನುತ್ತೇವೆ. ಕಾದಂಬರಿಯಲ್ಲಿ ಅಡ್ಡಿಯಿಲ್ಲ. ಕೂಲಿಯ ಲೆಕ್ಕ ಇದ್ದರೆ ಒಂದು ದಿನದ ಕೂಲಿ ವ್ಯತ್ಯಾಸ ಬೀಳುತ್ತದೆ.

ಮೂರನೆಯದು, ಇಂಗ್ಲಿಷ್ ಪದವನ್ನೇ ಇಟ್ಟು ಮೊದಲ ಸಲ ಬಂದಾಗ ವಾಕ್ಯದೊಳಗೇ ಅರ್ಥ ಬಿಡಿಸುವುದು. ಮೀನಿನ ಬರಹಕ್ಕೆ ನಾನು ಇದನ್ನೇ ಹೇಳುತ್ತೇನೆ. ‘ಕೈಗೆರಡರಂತೆ ನಾಲ್ಕು ಮೀನು ಎಸೆದರೆ ಒಂದು ವಾರ್ಪ್’ ಎಂದು ಒಮ್ಮೆ ಬರೆದರೆ ಸಾಕು, ಮುಂದೆ ಓದುಗರೇ ಎಣಿಸಿಕೊಳ್ಳುತ್ತಾರೆ. ಆ ಬರಹದ ಜೀವ ಇರುವುದೇ ಅಂಥ ಪದಗಳಲ್ಲಿ. ತೊಂದರೆ ಏನೆಂದರೆ ಒಂದೇ ಪುಟದಲ್ಲಿ ಐದಾರು ಇಂಥ ಪದ ಬಂದರೆ ಓದು ಕುಂಟುತ್ತದೆ. ಆಗ ಕತೆಗೆ ಬೇಕಾದ ಎರಡನ್ನು ಇಟ್ಟುಕೊಂಡು ಉಳಿದವಕ್ಕೆ ಅಂಕಿ ಹಾಕಿ.

ಅಡಿಟಿಪ್ಪಣಿ ಬಿಲಿಯನ್‌ಗೆ ಒಂದು ಇರಲಿ. ಇಲ್ಲದಿದ್ದರೆ ಮೂಲದ ಜೊತೆ ಹೋಲಿಸಿ ನೋಡುವ ಓದುಗರು ನೀವೇ ತಪ್ಪು ಮಾಡಿದ್ದೀರಿ ಎಂದುಕೊಳ್ಳುತ್ತಾರೆ. ‘ಆ ಕಾಲದ ಬ್ರಿಟಿಷ್ ಬಳಕೆಯಂತೆ ಲಕ್ಷ ಕೋಟಿ’ ಎಂಬ ಒಂದೇ ಸಾಲು ಸಾಕು.

ಒಂದು ಕೆಲಸ ನಿಮಗೆ ಉಳಿದಿದೆ. ಮೀನಿನ ಬರಹ ಯಾವ ಬಂದರಿನದು ಎಂದು ನೀವು ಬರೆದಿಲ್ಲ. ಯಾರ್ಮತ್‌ನ ಹೆರಿಂಗ್ ಆದರೆ ‘ನೂರು’ ಅಂದರೆ 132 ಹಿಡಿಯಿರಿ. ಬೇರೆ ಬಂದರು ಅಥವಾ ಕಾಡ್ ಮೀನು ಆದರೆ 120 ಇರುವ ಸಾಧ್ಯತೆ ಹೆಚ್ಚು. ಬರಹದಲ್ಲೇ ಎಲ್ಲಾದರೂ ಬಿಡಿ ಮೀನುಗಳ ಸಂಖ್ಯೆ, ಒಂದು ‘ನೂರು’ ಮೀನಿನ ಬೆಲೆ, ಒಟ್ಟು ಮೊತ್ತ ಮೂರೂ ಒಟ್ಟಿಗೆ ಬಂದಿವೆಯೇ ಹುಡುಕಿ. ಸಿಕ್ಕರೆ ಲೆಕ್ಕ ಹಾಕಿ ನೋಡಿ, ಯಾವ ನೂರು ಎಂದು ಆ ಪುಟವೇ ಹೇಳುತ್ತದೆ. ಸಿಗದಿದ್ದರೆ ಅಂಕಿ ಹಾಕಬೇಡಿ, ‘ಒಂದು ಉದ್ದನೆಯ ನೂರು’ ಎಂದು ಬಿಟ್ಟುಬಿಡಿ.